ಹಾಸ್ಟೆಲ್ ಮುಚ್ಚಿಸುವ ಮೊದಲು ಹಳೇ ಲೆಕ್ಕ ನೋಡಿ

ಕಿವುಡ ಮಕ್ಕಳಿಗೆ ಅಂತಲೇ ಪ್ರತ್ಯೇಕ ವಸತಿ ಶಾಲೆ ಇನ್ನೂ ಯಾಕೆ ಬೇಕು? ಈ ಪ್ರಶ್ನೆಯನ್ನು ಈಚೆಗೆ ಚೆನ್ನಾಗಿ ಓದಿಕೊಂಡವರ ಬಾಯಲ್ಲೇ ಕೇಳುತ್ತಿದ್ದೇನೆ. ಕಾಕ್ಲಿಯರ್ ಇಂಪ್ಲಾಂಟ್ ಬಂದಿದೆ, ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕೂತು ಕಲಿಯಬೇಕು ಅನ್ನುವ ಕಾಲ ಬಂದಿದೆ, ಐದಾರು ವರ್ಷದ ಕೂಸನ್ನು ಅಪ್ಪ ಅಮ್ಮನಿಂದ ದೂರ ಮಾಡಿ ಹಾಸ್ಟೆಲ್ಲಿಗೆ ಹಾಕುವುದು ಕ್ರೌರ್ಯ, ಆದ್ದರಿಂದ ಇವನ್ನೆಲ್ಲ ಮೆಲ್ಲಗೆ ಮುಚ್ಚಿ ಮಕ್ಕಳನ್ನು ಊರ ಶಾಲೆಗೇ ಸೇರಿಸಿದರೆ ಆಯಿತು... ಇದು ವಾದ. ಕೇಳಲು ಬಹಳ ಚೆನ್ನಾಗಿದೆ. ಕರುಣೆಯೂ ಇದೆ, ಖರ್ಚೂ ಉಳಿಯುತ್ತದೆ!

ನಾನು ಬಿಕಾಂ ಓದಿ ಬ್ಯಾಂಕಿಗೆ ಸೇರಿದವನು, ಶಿಕ್ಷಣ ತಜ್ಞನಲ್ಲ. ಆದರೆ ಒಂದು ಖಾತೆ ಮುಚ್ಚುವ ಮೊದಲು ಅದರಲ್ಲಿ ಏನು ಜಮಾ ಆಗಿದೆ, ಯಾರ ಹೆಸರಿಗೆ ಆಗಿದೆ ಅಂತ ನೋಡಬೇಕು ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು. ಕಿವುಡ ಮಕ್ಕಳ ಹಾಸ್ಟೆಲ್ಲುಗಳ ಖಾತೆಯಲ್ಲಿ ಜಮಾ ಆಗಿರುವುದು ಒಂದು ಇಡೀ ಭಾಷೆ. ಅದನ್ನು ಯಾರೂ ಲೆಕ್ಕಕ್ಕೇ ಹಿಡಿದಿಲ್ಲ ಅನ್ನುವುದು ನನ್ನ ತಕರಾರು.

ಇಂಥ ಶಾಲೆಗಳ ಚರಿತ್ರೆಯನ್ನು ನೀವೂ ಸ್ಮರಣ ಸಂಚಿಕೆಗಳಲ್ಲಿ ಓದಿರಬಹುದು. ಯಾವ ವರ್ಷ ಶುರು, ಯಾರು ಅಡಿಗಲ್ಲು ಹಾಕಿದರು, ಯಾವ ದೊರೆ ಜಾಗ ಕೊಟ್ಟ, ಯಾವ ದಾನಿ ಕೊಠಡಿ ಕಟ್ಟಿಸಿದ. ಅಲ್ಲಿಗೆ ಮುಗಿಯಿತು. ಮುಂಬಯಿಯಲ್ಲಿ 1880ರ ದಶಕದಲ್ಲಿ ಬಿಷಪ್ ಲಿಯೋ ಮ್ಯೂರಿನ್ ಶುರು ಮಾಡಿದ್ದು, ಕಲ್ಕತ್ತೆಯಲ್ಲಿ 1893ರಲ್ಲಿ ತೆರೆದದ್ದು, ತಿರುನೆಲ್ವೇಲಿ ಪಕ್ಕದ ಪಾಳಯಂಕೋಟೆಯಲ್ಲಿ ಮಿಷನರಿ ಫ್ಲಾರೆನ್ಸ್ ಸ್ವೇನ್ಸನ್ ಕಟ್ಟಿದ್ದು, ನಮ್ಮ ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸ ರಾಯರು ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಆರಂಭಿಸಿದ್ದು. ಎಲ್ಲವೂ ದೊಡ್ಡ ಕೆಲಸಗಳೇ, ಅನುಮಾನ ಬೇಡ. ಆ ಕಾಲ ಎಂಥದ್ದು ನೋಡಿ: ಹುಟ್ಟು ಕಿವುಡ-ಮೂಗನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿಲ್ಲ ಅಂತ ನಮ್ಮ ಧರ್ಮಶಾಸ್ತ್ರವೇ ಹೇಳುತ್ತಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಮಿತಾಕ್ಷರ ಪದ್ಧತಿಯವರಿಗೆ ಆ ಅಡ್ಡಿ ಹೋದದ್ದು 1928ರ ಕಾಯಿದೆಯಿಂದ. ಆಸ್ತಿ ಕೊಡದ ಮಗನಿಗೆ ಅಕ್ಷರ ಕೊಡುತ್ತೇವೆ ಅಂತ ಹೊರಟವರನ್ನು ಹೀಗಳೆಯಲು ನನಗೆ ಮನಸ್ಸಿಲ್ಲ.

ಆದರೆ ಒಂದು ತಾರೀಕನ್ನು ಈ ಸಂಚಿಕೆಗಳು ಹೇಳುವುದಿಲ್ಲ. 1880ರ ಸೆಪ್ಟೆಂಬರ್, ಇಟಲಿಯ ಮಿಲಾನ್. ಕಿವುಡರ ಶಿಕ್ಷಣದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ. ಸೇರಿದ್ದ 164 ಪ್ರತಿನಿಧಿಗಳಲ್ಲಿ ಕಿವುಡರು ಒಬ್ಬರೇ, ಅಮೆರಿಕದ ಜೇಮ್ಸ್ ಡೆನಿಸನ್. ಅಲ್ಲಿ ಆದ ತೀರ್ಮಾನ: ಕಿವುಡ ಮಕ್ಕಳಿಗೆ ಬಾಯಿ ಮಾತನ್ನೇ ಕಲಿಸಬೇಕು, ಕೈಸನ್ನೆ ಕೂಡದು. ಕೇಳುವವರು ಕೂತು ಕೇಳದವರ ಭಾಷೆಯನ್ನು ನಿಷೇಧಿಸಿದರು. ನಮ್ಮ ದೇಶದ ಮೊದಲ ಶಾಲೆಗಳೆಲ್ಲ ಈ ತೀರ್ಮಾನದ ಬೆನ್ನಿಗೇ ಹುಟ್ಟಿದವು. ಆ ಗಾಳಿ ಇಲ್ಲಿಗೂ ಬೀಸಿತು.

ಬಾಯಿ ಮಾತು ಕಲಿಸುವುದು ಅಂದರೆ ಏನು ಗೊತ್ತೇ? ಕನ್ನಡಿ ಮುಂದೆ ಕೂರಿಸಿ ತುಟಿಯ ಆಕಾರ ತೋರಿಸುವುದು, ಟೀಚರ ಗಂಟಲ ಮೇಲೆ ಮಗುವಿನ ಕೈ ಇಟ್ಟು ಕಂಪನ ತಿಳಿಸುವುದು, 'ಪ' ಹೇಳಿಸಲು ಮುಖದೆದುರು ಕಾಗದದ ಚೂರು ಹಿಡಿದು ಅದು ಅಲ್ಲಾಡುವವರೆಗೆ ಊದಿಸುವುದು. ವರ್ಷಗಟ್ಟಲೆ. ನೀವೇ ಒಂದು ಪರೀಕ್ಷೆ ಮಾಡಿ. ಕನ್ನಡಿ ಮುಂದೆ ನಿಂತು ದನಿ ತೆಗೆಯದೆ 'ಪರ', 'ಬರ', 'ಮರ' ಅನ್ನಿ. ಮೂರಕ್ಕೂ ತುಟಿ ಒಂದೇ ಥರ! ಇನ್ನು 'ಕ', 'ಗ' ಗಂಟಲ ಹತ್ತಿರವೇ ಹುಟ್ಟಿ ಹೊರಗೆ ಕಾಣಿಸುವುದೇ ಇಲ್ಲ. ಎಂದೂ ಕನ್ನಡ ಕೇಳದ ಮಗು ಇದನ್ನು ನೋಡಿ ಊಹಿಸಿ, ಅದರಲ್ಲಿ ಗಣಿತ ಕಲಿತು, ಸಮಾಜ ಕಲಿತು, ಪರೀಕ್ಷೆ ಬರೆಯಬೇಕು. ಕೈ ಎತ್ತಿದರೆ ಬೆತ್ತ. ಕೈ ಕಟ್ಟಿಸಿ ಕೂರಿಸಿದ ತರಗತಿಗಳ ಕತೆ ಪ್ರಪಂಚದ ಎಲ್ಲ ದೇಶಗಳ ಹಳೇ ವಿದ್ಯಾರ್ಥಿಗಳೂ ಹೇಳುತ್ತಾರೆ.

ಕೊಚ್ಚಿಯ ಕನ್ನಡಿಗರಿಗೆ ಕಾಲಡಿ ಹೊಸದಲ್ಲ. 1910ರಲ್ಲಿ ಶೃಂಗೇರಿ ಮಠದವರು ಮಾಡಿಸಿದ ಶಂಕರರ ದೇವಸ್ಥಾನಕ್ಕೆ ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗದವರು ನಮ್ಮಲ್ಲಿ ಯಾರಿದ್ದಾರೆ? ಅಲ್ಲೇ ಪಕ್ಕದ ಮಾಣಿಕ್ಯಮಂಗಲದಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಕಿವುಡ ಮಕ್ಕಳ ಶಾಲೆ ಇದೆ. ಹೆಸರು ಸೇಂಟ್ ಕ್ಲೇರ್ ಓರಲ್ ಸ್ಕೂಲ್. ಆ 'ಓರಲ್' ಅನ್ನುವ ಮಾತನ್ನು ಗಮನಿಸಿ. ಮಿಲಾನಿನ ಠರಾವು ಕಾಲಡಿಯ ರಸ್ತೆಯ ಬೋರ್ಡಿನವರೆಗೆ ಬಂದ ದಾರಿ ಅದು. ಆ ಸನ್ಯಾಸಿನಿಯರನ್ನು ನಾನು ದೂರುತ್ತಿಲ್ಲ. ಯಾರೂ ಕರೆಯದ ಮಕ್ಕಳನ್ನು ಕರೆದು ಊಟ, ಪಾಠ, ಹಾಸಿಗೆ ಕೊಟ್ಟವರು ಇಂಥವರೇ. ಬೋರ್ಡಿನ ಒಂದು ಶಬ್ದ ಎಷ್ಟು ದೂರದಿಂದ ಬಂದದ್ದು ಅಂತ ಹೇಳಿದೆ, ಅಷ್ಟೇ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ತರಗತಿಯಲ್ಲಿ ಕೈ ಕಟ್ಟಿಸಿದರು ಸರಿ. ಆದರೆ ಸಂಜೆ? ಊಟದ ಸಾಲಿನಲ್ಲಿ, ನಲ್ಲಿಯ ಹತ್ತಿರ, ಆಟದ ಬಯಲಿನಲ್ಲಿ? ಅಲ್ಲಿ ಮಕ್ಕಳು ಕೈ ಬಿಚ್ಚಿದರು. ದೊಡ್ಡ ಹುಡುಗರಿಂದ ಚಿಕ್ಕವರಿಗೆ, ಒಂದು ಬ್ಯಾಚಿನಿಂದ ಇನ್ನೊಂದು ಬ್ಯಾಚಿಗೆ ಸನ್ನೆಗಳು ಇಳಿದುಬಂದವು. ಸರಕಾರ ಕಲಿಸಲಿಲ್ಲ, ಯಾವ ಅಕಾಡೆಮಿಯೂ ಅನುದಾನ ಕೊಡಲಿಲ್ಲ, ಪಠ್ಯಪುಸ್ತಕ ಇರಲಿಲ್ಲ. 1970ರ ದಶಕದ ಕೊನೆಗೆ ಮದನ್ ವಸಿಷ್ಠ (ತಾವೇ ಹನ್ನೊಂದರ ವಯಸ್ಸಿನಲ್ಲಿ ಕಿವುಡರಾದವರು) ಮತ್ತು ಅಮೆರಿಕದ ಜೇಮ್ಸ್ ವುಡ್‌ವರ್ಡ್ ಅವರ ತಂಡ ದಿಲ್ಲಿ, ಕಲ್ಕತ್ತ, ಮುಂಬಯಿ, ಬೆಂಗಳೂರುಗಳ ಕಿವುಡರ ಸನ್ನೆಗಳನ್ನು ಕಲೆ ಹಾಕಿ ನೋಡಿತು. ಹೆಚ್ಚು ಕಡಿಮೆ ಮುಕ್ಕಾಲು ಪಾಲು ಸನ್ನೆಗಳು ಒಂದಕ್ಕೊಂದು ಸಂಬಂಧ ಉಳ್ಳವು! ಹಿಂದಿ, ಬಂಗಾಳಿ, ಮರಾಠಿ, ಕನ್ನಡ ಅಂತ ನಾವು ಕಿತ್ತಾಡುತ್ತಿದ್ದಾಗ ಅವರ ಕೈಗಳು ಒಂದೇ ಭಾಷೆಯನ್ನು ಕಟ್ಟಿಕೊಂಡಿದ್ದವು. ಬೆಂಗಳೂರಿನ ಸನ್ನೆಗಳ ಬಗ್ಗೆಯೇ ಬೇರೆ ಪುಸ್ತಕ ಬಂತು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ನಿಕರಾಗುವಾ ದೇಶದಲ್ಲಿ 1970ರ ದಶಕದ ಕೊನೆಗೆ ಮೊದಲ ಬಾರಿ ಕಿವುಡ ಮಕ್ಕಳನ್ನು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರಿಸಿದರು. ಅವು ಹಗಲು ಶಾಲೆಗಳು. ಟೀಚರುಗಳು ಬಾಯಿ ಮಾತು ಕಲಿಸಲು ಹೆಣಗುತ್ತಿದ್ದರೆ ಮಕ್ಕಳು ಬಸ್ಸಿನಲ್ಲಿ, ಬಯಲಿನಲ್ಲಿ ಹೊಸ ಭಾಷೆಯನ್ನೇ ಹುಟ್ಟಿಸಿದರು. ಭಾಷಾ ವಿಜ್ಞಾನಿಗಳು ಓಡಿಹೋಗಿ ನೋಡಿದರು. ಭಾಷೆಗೆ ಬೇಕಾದದ್ದು ಕಿವಿಯಲ್ಲ, ಜೊತೆ.

ವಲಸೆ ಬಂದ ನಮಗಿಂತ ಚೆನ್ನಾಗಿ ಇದು ಯಾರಿಗೆ ಅರ್ಥ ಆಗಬೇಕು ಹೇಳಿ? ಎಡಪ್ಪಳ್ಳಿಯಲ್ಲಿ ಬೆಳೆದ ನಮ್ಮ ಮಕ್ಕಳು ಶಾಲೆಯಲ್ಲಿ ಮಲಯಾಳ, ಇಂಗ್ಲಿಷ್. ಕನ್ನಡ ಉಳಿದಿದ್ದರೆ ಅದು ಅಡುಗೆಮನೆಯಲ್ಲಿ ಅಮ್ಮ ಬೈದದ್ದರಿಂದ, ರಜೆಯಲ್ಲಿ ಅಜ್ಜಿಮನೆಯಲ್ಲಿ ಅಣ್ಣ ತಮ್ಮಂದಿರ ಜೊತೆ ಜಗಳ ಆಡಿದ್ದರಿಂದ. ಕಿವುಡ ಮಗುವಿಗೆ ಅಜ್ಜಿಮನೆ ಎಲ್ಲಿದೆ? ಇಂಥ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ಅಪ್ಪ ಅಮ್ಮ ಕಿವಿ ಕೇಳುವವರು. ಮನೆಯಲ್ಲಿ ಎಲ್ಲರೂ ಮಾತಾಡುತ್ತಾರೆ, ನಗುತ್ತಾರೆ. ಮಗು ಮುಖ ಮುಖ ನೋಡುತ್ತದೆ. ನಾವು ಗಡಿ ದಾಟಿ ವಲಸಿಗರಾದೆವು, ಅದು ಹುಟ್ಟಿದ ಮನೆಯಲ್ಲೇ ವಲಸಿಗ. ಅದಕ್ಕೆ ತಾಯ್ನುಡಿ ಸಿಕ್ಕಿದ್ದು ತಾಯಿಯಿಂದ ಅಲ್ಲ, ಹಾಸ್ಟೆಲ್ಲಿನ ಪಕ್ಕದ ಹಾಸಿಗೆಯ ಅಣ್ಣನಿಂದ, ಅಕ್ಕನಿಂದ. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡ ಮಕ್ಕಳ ಪರವಾಗಿ ನಾವೆಲ್ಲ ಎಷ್ಟು ಬಿಸಿಯಾದೆವು! ಸರಿಯಾಗಿಯೇ ಬಿಸಿಯಾದೆವು. ಹಾಗಾದರೆ ತನ್ನ ಭಾಷೆಯವರು ಒಬ್ಬರೂ ಇಲ್ಲದ ಶಾಲೆಗೆ ಕಿವುಡ ಮಗುವನ್ನು ಕಳಿಸುವುದು ಯಾವ ನ್ಯಾಯ?

ಹಾಸ್ಟೆಲ್ಲು ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಏಟು, ಅರೆಹೊಟ್ಟೆ, ಅದಕ್ಕಿಂತ ಹೊಲಸಾದ ಸಂಗತಿಗಳು ಹಲವು ದೇಶಗಳ ಇಂಥ ಶಾಲೆಗಳಿಂದ ಹೊರಬಂದಿವೆ. ದೂರು ಹೇಳಲು ಭಾಷೆ ಬರದ ಮಗು, ಅದರ ಭಾಷೆ ಬರದ ವಾರ್ಡನ್. ಇದಕ್ಕಿಂತ ಅಪಾಯದ ಜೋಡಿ ಇಲ್ಲ. ಓದಿನ ಲೆಕ್ಕವೂ ಚೆನ್ನಾಗಿಲ್ಲ. ಕೇರಳದಲ್ಲಿ ಕಿವುಡ ಮಕ್ಕಳಿಗೆ ಪ್ರತ್ಯೇಕ ಎಸ್ಸೆಸ್ಸೆಲ್ಸಿ ಇದೆ, ಫಲಿತಾಂಶ ಚೆನ್ನಾಗಿಯೇ ಬರುತ್ತದೆ, ಪತ್ರಿಕೆಯಲ್ಲಿ ಫೋಟೋ. ಆದರೆ ನಾನಿದ್ದ ಒಂದು ಶಾಖೆಗೆ ಬರುತ್ತಿದ್ದ ಟೈಲರ್ ಒಬ್ಬರು, ವಸತಿ ಶಾಲೆಯಲ್ಲೇ ಓದಿ ಪಾಸಾದವರು, ಸಾಲದ ಅರ್ಜಿಯ ನಾಲ್ಕು ಸಾಲು ಓದಿ ಅರ್ಥ ಮಾಡಿಕೊಳ್ಳಲು ಒದ್ದಾಡುತ್ತಿದ್ದರು. ಬುದ್ಧಿಗೇನೂ ಕಡಿಮೆ ಇಲ್ಲ, ಬಡ್ಡಿ ಲೆಕ್ಕ ನನಗಿಂತ ಬೇಗ ಹಾಕುತ್ತಿದ್ದರು. ಕೌಂಟರಿನ ಸಹೋದ್ಯೋಗಿ ಅವರಿಗೆ ಅರ್ಥವಾಗದಿದ್ದಾಗಲೆಲ್ಲ ಇನ್ನಷ್ಟು ಜೋರಾಗಿ ಕೂಗುತ್ತಿದ್ದ! ಕೊನೆಗೆ ಟೈಲರ್ ಮೊಬೈಲ್ ತೆಗೆದು ವೀಡಿಯೋ ಕಾಲ್ ಮಾಡಿದರು. ಆ ಕಡೆ ಅವರ ಹಾಸ್ಟೆಲ್ ಗೆಳೆಯ, ಅವನ ಪಕ್ಕದಲ್ಲಿ ಕಿವಿ ಕೇಳುವ ಮಗಳು. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ತರಗತಿ ಕೊಡಬೇಕಿದ್ದ ಓದು ಸಿಗಲಿಲ್ಲ, 'ಪ' ಊದುವುದರಲ್ಲಿ ವರ್ಷಗಳು ಹೋದವು. ಹಾಸ್ಟೆಲ್ಲು ಕೊಟ್ಟ ಗೆಳೆಯ ಮಾತ್ರ ನಡುವಯಸ್ಸಿನಲ್ಲೂ ಜೊತೆಗಿದ್ದ. ಯಾವುದು ಸೋತಿತು, ಯಾವುದು ಗೆದ್ದಿತು ನೀವೇ ಹೇಳಿ. ಸೋತ ತರಗತಿಯನ್ನು ಸರಿಮಾಡುವುದು ಬಿಟ್ಟು ಗೆದ್ದ ಹಾಸ್ಟೆಲ್ಲನ್ನು ಮುಚ್ಚುತ್ತೀರಾ?

ಇಂಪ್ಲಾಂಟ್ ಇದೆಯಲ್ಲ ಅನ್ನುತ್ತೀರಿ. ಇದೆ. ಕೇರಳ ಸರಕಾರ 2012ರಲ್ಲಿ ಶ್ರುತಿತರಂಗಂ ಯೋಜನೆ ತಂದು ಚಿಕ್ಕ ಮಕ್ಕಳಿಗೆ ಲಕ್ಷಗಟ್ಟಲೆ ಬೆಲೆಯ ಇಂಪ್ಲಾಂಟ್ ಹಾಕಿಸಿತು, ಒಳ್ಳೆಯ ಕೆಲಸ. ಮೈಸೂರಿನಲ್ಲಿ 1965ರಿಂದ ಇರುವ ವಾಕ್ ಶ್ರವಣ ಸಂಸ್ಥೆ ಎಷ್ಟೋ ಮಕ್ಕಳಿಗೆ ಮಾತು ಕೊಟ್ಟಿದೆ. ಆದರೆ ಆಪರೇಷನ್ ಆದ ಮೇಲೆ ವರ್ಷಗಟ್ಟಲೆ ತರಬೇತಿ ಬೇಕು, ಯಂತ್ರದ ಹೊರಭಾಗ ಕೆಟ್ಟರೆ ಮತ್ತೆ ದೊಡ್ಡ ಮೊತ್ತ ಬೇಕು, ತಡವಾಗಿ ಗೊತ್ತಾದ ಮಕ್ಕಳಿಗೆ ಅಷ್ಟು ಫಲವೂ ಇಲ್ಲ. ಬ್ಯಾಟರಿ ಮುಗಿದ ಗಳಿಗೆ ಆ ಮಗು ಮತ್ತೆ ಕಿವುಡ ಮಗುವೇ. ಕೈಯಲ್ಲಿ ಒಂದು ಭಾಷೆ ಇದ್ದರೆ ನಷ್ಟ ಏನು? ಎರಡು ಖಾತೆ ಇಡಬಾರದು ಅಂತ ಯಾವ ಬ್ಯಾಂಕೂ ಹೇಳುವುದಿಲ್ಲ.

ಎಲ್ಲರೂ ಒಟ್ಟಿಗೆ ಕಲಿಯಬೇಕು ಅನ್ನುತ್ತೀರಿ. ನಲವತ್ತು ಮಕ್ಕಳ ನಡುವೆ ಒಂದು ಕಿವುಡ ಮಗು, ಸನ್ನೆ ಬರದ ಟೀಚರ್, ಯಾವಾಗಲೋ ಬಂದು ಹೋಗುವ ವಿಶೇಷ ಶಿಕ್ಷಕಿ. ಇದು ಒಟ್ಟಿಗೆ ಕಲಿಯುವುದಲ್ಲ, ಒಟ್ಟಿಗೆ ಕೂರುವುದು. ಕಾನೂನೂ ನಿಮ್ಮ ಜೊತೆ ಇಲ್ಲ ಸ್ವಾಮಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 31ನೇ ಸೆಕ್ಷನ್ ನೋಡಿ: ಆರರಿಂದ ಹದಿನೆಂಟು ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ತನ್ನ ಆಯ್ಕೆಯಂತೆ ಉಚಿತವಾಗಿ ಕಲಿಯುವ ಹಕ್ಕಿದೆ. ಒಂದನ್ನು ಮುಚ್ಚಿಬಿಟ್ಟರೆ ಆಯ್ಕೆ ಅನ್ನುವ ಮಾತಿಗೆ ಅರ್ಥ ಏನು? ಭಾರತ 2007ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಒಡಂಬಡಿಕೆ ಕಿವುಡ ಸಮುದಾಯದ ಭಾಷಾ ಅಸ್ಮಿತೆಯನ್ನು ಶಿಕ್ಷಣದಲ್ಲಿ ಪೋಷಿಸಬೇಕು ಅನ್ನುತ್ತದೆ.

ಈ ವಾದದಲ್ಲಿ ನನಗೆ ನಿಜಕ್ಕೂ ಸಿಟ್ಟು ತರಿಸುವುದು ಇದರ ಹೊತ್ತು. ನೂರಮೂವತ್ತು ವರ್ಷ ಆದಮೇಲೆ, 2010ರಲ್ಲಿ, ವ್ಯಾಂಕೂವರಿನಲ್ಲಿ ಅದೇ ಸಮ್ಮೇಳನ ಸೇರಿ ಮಿಲಾನಿನ ಠರಾವನ್ನು ತಳ್ಳಿಹಾಕಿ ವಿಷಾದ ಹೇಳಿತು. ನಮ್ಮಲ್ಲಿ 2015ರಲ್ಲಿ ಭಾರತೀಯ ಸನ್ನೆ ಭಾಷೆಗೆ ಅಂತಲೇ ದಿಲ್ಲಿಯಲ್ಲಿ ಸಂಸ್ಥೆ ಆಯಿತು. 2018ರಲ್ಲಿ ಮೂರು ಸಾವಿರ ಶಬ್ದಗಳ ನಿಘಂಟು ಬಂತು, 2021ಕ್ಕೆ ಅದು ಹತ್ತು ಸಾವಿರ ಆಯಿತು. 2020ರ ಶಿಕ್ಷಣ ನೀತಿ ಸನ್ನೆ ಭಾಷೆಯನ್ನು ಹೆಸರಿಟ್ಟು ಹೇಳಿತು. ತಿರುವನಂತಪುರದಲ್ಲಿ 1997ರಲ್ಲಿ ಶುರುವಾದ ನಿಷ್ ಸಂಸ್ಥೆ 2008ರಿಂದ ಕಿವುಡ ವಿದ್ಯಾರ್ಥಿಗಳಿಗೇ ಪದವಿ ತರಗತಿ ನಡೆಸುತ್ತಿದೆ. ಕಟ್ಟಿದ್ದ ಕೈಯನ್ನು ಈಗಷ್ಟೇ ಬಿಚ್ಚಿದ್ದೇವೆ. ಈಗಲೇ ಆ ಕೈಗಳು ಸೇರುವ ಜಾಗವನ್ನು ಮುಚ್ಚಬೇಕೇ?

ನನ್ನ ಬೇಡಿಕೆ ಬಹಳ ಸಣ್ಣದು. ಮೊದಲನೆಯದು, ಸನ್ನೆ ಭಾಷೆ ಬರುವ ಶಿಕ್ಷಕರನ್ನು ಊರ ಶಾಲೆಗೆ ಕೊಡುವವರೆಗೆ, ಅಲ್ಲಿ ಆ ಮಗುವಿಗೆ ನಾಲ್ಕು ಜನ ಕಿವುಡ ಗೆಳೆಯರು ಸಿಗುವವರೆಗೆ ಒಂದು ಹಾಸ್ಟೆಲ್ಲನ್ನೂ ಮುಟ್ಟಬೇಡಿ. ಎರಡನೆಯದು, ಕಿವುಡರನ್ನೇ ಶಿಕ್ಷಕರಾಗಿ, ವಾರ್ಡನ್ನರಾಗಿ ನೇಮಿಸಿ. ಮಗು ದೂರು ಹೇಳಿದರೆ ಅರ್ಥ ಆಗುವವರು ಅಲ್ಲಿರಲಿ. ಮೂರನೆಯದು, ಮಗುವನ್ನು ಸೇರಿಸಿದ ದಿನವೇ ಅಪ್ಪ ಅಮ್ಮನಿಗೂ ಸನ್ನೆ ಭಾಷೆಯ ತರಗತಿ ಶುರು ಮಾಡಿ, ರಜೆಗೆ ಬಂದ ಮಗು ಮನೆಯಲ್ಲಿ ಮತ್ತೆ ಒಂಟಿಯಾಗದಿರಲಿ. ನಾಲ್ಕನೆಯದು, ಈ ಶಾಲೆಗಳ ಚರಿತ್ರೆಯನ್ನು ಇನ್ನು ದಾನಿಗಳ ಪಟ್ಟಿ ನೋಡಿ ಬರೆಯಬೇಡಿ. ಎಪ್ಪತ್ತು ಎಂಬತ್ತು ವರ್ಷದ ಹಳೇ ವಿದ್ಯಾರ್ಥಿಗಳನ್ನು ಕ್ಯಾಮೆರಾ ಮುಂದೆ ಕೂರಿಸಿ. ಅವರ ಭಾಷೆಗೆ ಲಿಪಿ ಇಲ್ಲ, ಅವರು ಹೋದರೆ ಆ ಚರಿತ್ರೆಯೂ ಹೋಯಿತು.

ಹೇಳಲಾಗದ್ದಕ್ಕೆ 'ಮೂಗ ಕಂಡ ಕನಸು' ಅನ್ನುವುದು ನಮ್ಮಲ್ಲಿ ರೂಢಿ. ಅದು ಹಾಸ್ಟೆಲ್ ಒಳಗೆ ಕಾಲಿಡದವರು ಕಟ್ಟಿದ ಮಾತು. ಅಲ್ಲಿ ಬೆಳಗಾಗೆದ್ದು ರಾತ್ರಿಯ ಕನಸನ್ನು ಹತ್ತೂ ಬೆರಳಲ್ಲಿ ಹೇಳಿ ನಗುತ್ತಾರೆ, ನಮಗೆ ಓದಲು ಬರುವುದಿಲ್ಲ ಅಷ್ಟೇ.

ಮುಂದಿನ ಸಲ ನೆಂಟರ ಜೊತೆ ಕಾಲಡಿಗೆ ಹೋದಾಗ, ಇಲ್ಲವೇ ಊರಿಗೆ ಹೋಗುವ ದಾರಿಯಲ್ಲಿ ಮೈಸೂರಿನಲ್ಲಿ ಇಳಿದಾಗ, ಅರ್ಧ ಗಂಟೆ ಇಂಥ ಶಾಲೆಗೆ ಹೋಗಿ ಬನ್ನಿ. ಎಷ್ಟು ಪರ್ಸೆಂಟ್ ರಿಸಲ್ಟ್ ಅಂತ ಕೇಳಬೇಡಿ. ನಿಮ್ಮಲ್ಲಿ ಎಷ್ಟು ಜನ ಕಿವುಡ ಟೀಚರಿದ್ದಾರೆ ಅಂತ ಕೇಳಿ. ಉತ್ತರ ಏನು ಬಂತು ಅಂತ ನನಗೂ ಬರೆದು ತಿಳಿಸಿ.