ಬೇಸಗೆಯ ಕಾಯಿಪಲ್ಯದ ತೋಟ

ಮುಂಗಾರಿನಲ್ಲಿ ತೋಟವನ್ನು ಹಾಕುವುದಕ್ಕೆ ಅನೇಕ ಕೈಗಳು ಮುಂದೆ ಬರುವುವು. ಚೈತ್ರ ವೈಶಾಖಗಳಲ್ಲಿ ನೀರೆರೆಯುವುದಕ್ಕೆ ಎರಡು ಕೈಗಳೂ ದೊರೆಯವು. ಶಿರಾ ಗೇಟಿನಂತಹ ಬಯಲುಸೀಮೆಯ ಬಡಾವಣೆಯಲ್ಲಿ ಹತ್ತು ಮನೆಯವರು ಕೂಡಿ ಮಾಡುವ ತೋಟಕ್ಕೆ ನಿಜವಾದ ಪರೀಕ್ಷೆಯು ಬೇಸಗೆಯೇ.

ಕುಡಿಯುವ ನೀರಿಗೇ ಕೊರತೆಯಿರುವಾಗ ಗಿಡಗಳಿಗೆ ನೀರೆಲ್ಲಿಯದೆಂದು ಕೆಲವರು ಕೇಳುವರು. ಈ ಆಕ್ಷೇಪಣೆಯು ಹುರುಳಿಲ್ಲದುದಲ್ಲ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರಕಾರವು ಬರಪೀಡಿತವೆಂದು ಸಾರಿತು. ಆದುದರಿಂದ ಕುಡಿಯುವ ನೀರನ್ನು ತೋಟಕ್ಕೆ ಸುರಿಯಬಾರದೆಂಬುದೇ ನನ್ನ ಮತವು. ಆದರೆ ಸೋದರಿಯರೇ, ಅಕ್ಕಿ, ಬೇಳೆ, ಸೊಪ್ಪುಗಳನ್ನು ತೊಳೆದ ನೀರು ಪ್ರತಿದಿನವೂ ಮೋರಿಗೆ ಹರಿದುಹೋಗುತ್ತಿಲ್ಲವೇ? ಮನೆಗೊಂದು ಬಿಂದಿಗೆಯಂತೆ ಹತ್ತು ಬಿಂದಿಗೆಯಾಯಿತು. ಪಾತಿಗಳನ್ನು ಅರ್ಧಕ್ಕಿಳಿಸಿ, ಬಿಸಿಲನ್ನು ತಾಳುವ ಗೋರಿಕಾಯಿ, ಬೆಂಡೆ, ದಂಟುಗಳನ್ನು ಮಾತ್ರ ಉಳಿಸಿಕೊಳ್ಳೋಣ. ಬುಡಕ್ಕೆ ತರಗೆಲೆಯನ್ನು ಹೊದಿಸಿ ಸಂಜೆಯಲ್ಲಿ ನೀರೆರೆದರೆ ತೇವವು ಬೇಗನೆ ಆರದು.

ಇನ್ನೊಂದು ಮಾತು. ನೀರು ಹೊರುವ ಕೆಲಸವು ಹೆಣ್ಣುಮಕ್ಕಳದು, ಫಲವು ಎಲ್ಲರದು ಎಂದೆಣಿಸುವುದು ನ್ಯಾಯವಲ್ಲ. ಸರದಿಯ ಪಟ್ಟಿಯಲ್ಲಿ ಗಂಡಸರ ಹೆಸರೂ ಇರಲಿ. ಬೇಸಗೆಯಲ್ಲಿ ನೀರೆರೆದವರಿಗೆ ಮೊದಲ ಪಾಲು ಸಲ್ಲಲಿ. ಹೀಗೆ ನಡೆದುಕೊಂಡರೆ ಮುಂಗಾರು ಬರುವ ವೇಳೆಗೆ ಬಿತ್ತುವುದಕ್ಕೆ ನಮ್ಮ ತೋಟದ ಬೀಜವೇ ನಮ್ಮ ಕೈಯಲ್ಲಿರುವುದು.