ಗಾತ್ ಅಂದ್ರೆ ಯಾವ ಗತಿ?

ಮೊನ್ನೆ ನಮ್ಮ ಅಕ್ಕನ ಮಗಳು ರಜಕ್ಕೆ ಬಂದಿಳಿದಳು. ಕಪ್ಪು ಲಂಗ, ಕಪ್ಪು ಅಂಗಿ, ಉಗುರಿಗೆ ಕಪ್ಪು, ತುಟಿಗೂ ಕಪ್ಪು! ಬಾಗಿಲಲ್ಲೇ ನಿಂತಿದ್ದ ನಮ್ಮಮ್ಮ, "ಇದೇನೇ ಅಮಾವಾಸ್ಯೆ ವೇಷ?" ಅಂದರು.

"ಇದು ಗಾತ್, ಅಜ್ಜಿ."

"ಯಾವ ಗತಿನೋ! ಮೊದಲು ಮುಖ ತೊಳ್ಕೊಂಡು ಬಾ."

ಹುಡುಗಿ ನನ್ನ ಕಡೆ ತಿರುಗಿದಳು. "ಮಾವ, ಸಿನಿಮಾ ಪತ್ರಿಕೆಗೆ ಬರೀತೀರಲ್ಲ, ನೀವಾದ್ರೂ ಹೇಳಿ."

ಹೇಳೋಣ. ಆದರೆ ಹೇಳಹೊರಟರೆ ಈ ಎರಡಕ್ಷರ ನಮ್ಮನ್ನು ಸಾವಿರದ ಆರುನೂರು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಗುತ್ತೆ ಸ್ವಾಮಿ!

ಗಾತರು ಅಂತ ಯೂರೋಪಿನಲ್ಲಿ ಒಂದು ಜನಾಂಗ. 376ರಲ್ಲಿ ಹೂಣರ ಕಾಟ ತಾಳಲಾರದೆ ಡ್ಯಾನ್ಯೂಬ್ ನದಿ ದಾಟಿ ರೋಮನ್ನರ ಆಶ್ರಯ ಬೇಡಿ ಬಂದವರು. ಬಂದವರಿಗೆ ರೋಮನ್ ಅಧಿಕಾರಿಗಳು ಮಾಡಿದ ಉಪಚಾರ ಏನು ಗೊತ್ತೆ? ಹಸಿದವರಿಗೆ ತಿನ್ನಲು ನಾಯಿ ಕೊಟ್ಟು, ಬದಲಿಗೆ ಅವರ ಮಕ್ಕಳನ್ನು ಗುಲಾಮರಾಗಿ ಕೊಂಡರಂತೆ. ಇದನ್ನು ಬರೆದಿಟ್ಟವನು ಆ ಕಾಲದ ರೋಮನ್ ಇತಿಹಾಸಕಾರನೇ! ಗಾತರು ತಿರುಗಿಬಿದ್ದರು. 378ರಲ್ಲಿ ಚಕ್ರವರ್ತಿ ವೇಲೆನ್ಸ್ ಯುದ್ಧದಲ್ಲಿ ಸತ್ತ. 410ರಲ್ಲಿ ಅಲಾರಿಕ್ ಎಂಬ ಗಾತ್ ದೊರೆ ಮೂರು ದಿನ ರೋಮ್ ನಗರವನ್ನೇ ಸೂರೆ ಮಾಡಿದ. ಅಲ್ಲಿಗೆ ಗಾತ್ ಅಂದರೆ ಕಾಡುಜನ ಅಂತ ಹೆಸರು ಬಿತ್ತು. ಅದೇ ಜನರ ಧರ್ಮಗುರು ವುಲ್ಫಿಲ ತಮ್ಮ ಭಾಷೆಗೊಂದು ಲಿಪಿ ಕಟ್ಟಿ ಬೈಬಲ್ ಬರೆದದ್ದನ್ನು ಯಾರು ಕೇಳುತ್ತಾರೆ? ಆ ಬೈಬಲಿನ ಒಂದು ಹಳೇ ಪ್ರತಿ ಸ್ವೀಡನ್ನಿನ ಉಪ್ಸಾಲದಲ್ಲಿದೆ. ನೇರಳೆ ಹಾಳೆಯ ಮೇಲೆ ಬೆಳ್ಳಿ ಅಕ್ಷರ. (ನಮ್ಮ ಹುಡುಗಿಯ ರೆಪ್ಪೆಗೂ ಅದೇ ನೇರಳೆ!)

ಮುಂದೆ 1550ರಲ್ಲಿ ಇಟಲಿಯ ವಸಾರಿ ಎಂಬಾತ ಒಂದು ಪುಸ್ತಕ ಬರೆದ. ಚೂಪು ಕಮಾನಿನ, ಮುಗಿಲೆತ್ತರದ ಹಳೇ ಚರ್ಚುಗಳನ್ನು ಕಂಡರೆ ಅವನಿಗಾಗದು. "ಇದು ಗಾತರ ಕೆಲಸ" ಅಂತ ಬೈದುಬಿಟ್ಟ. ಆ ಶೈಲಿ ಹುಟ್ಟುವ ಹೊತ್ತಿಗೆ ಪಾಪ, ಗಾತರ ರಾಜ್ಯಗಳೆಲ್ಲ ಮುಗಿದು ನಾನೂರು ವರ್ಷ ಆಗಿತ್ತು. ಆದರೂ ಬೈಗುಳವೇ ಹೆಸರಾಯಿತು. 1933ರಲ್ಲಿ ಅಡಿಗಲ್ಲು ಬಿದ್ದ ನಮ್ಮ ಮೈಸೂರಿನ ಫಿಲೋಮಿನಾ ಚರ್ಚು ಅದೇ ಗಾಥಿಕ್ ಮನೆತನದ್ದು.

ಇನ್ನು ನಮ್ಮ ಸೀಮೆಗೆ ಬರೋಣ. 1764ರಲ್ಲಿ ಹೊರೇಸ್ ವಾಲ್ಪೋಲ್ ಪಾಳು ಕೋಟೆ, ದೆವ್ವ, ಶಾಪ ಎಲ್ಲ ಸೇರಿಸಿ ಒಂದು ಕಾದಂಬರಿ ಬರೆದ. ಮರುವರ್ಷದ ಮುದ್ರಣದಲ್ಲಿ ಅದನ್ನು 'ಗಾಥಿಕ್ ಕಥೆ' ಅಂತ ಕರೆದ. ಆ ಬಳ್ಳಿಯಲ್ಲೇ 1897ರ ಡ್ರಾಕುಲಾ ಕಾದಂಬರಿ, 1931ರ ಡ್ರಾಕುಲಾ ಚಿತ್ರ, ಆ ಚಿತ್ರದ ಬೆಲಾ ಲುಗೋಸಿ!

ಈ ಲುಗೋಸಿಯ ಬಾಳು ದೊಡ್ಡ ದುರಂತ. ಹಂಗೇರಿಯಿಂದ ಬಂದ ನಟ. ಒಂದೇ ಪಾತ್ರ ಎತ್ತಿ ಮೆರೆಸಿತು, ಅದೇ ಪಾತ್ರ ಕಟ್ಟಿಯೂ ಹಾಕಿತು. ನೋವಿಗೆಂದು ಹಿಡಿದ ಮಾರ್ಫಿನ್ ಚಟವಾಯಿತು. 1956ರಲ್ಲಿ ತೀರಿಕೊಂಡಾಗ ಡ್ರಾಕುಲಾ ನಿಲುವಂಗಿ ತೊಡಿಸಿಯೇ ಮಣ್ಣು ಮಾಡಿದರು. 1979ರಲ್ಲಿ ಇಂಗ್ಲೆಂಡಿನ ಬೌಹೌಸ್ ಎಂಬ ತಂಡ 'ಬೆಲಾ ಲುಗೋಸಿ ಸತ್ತ' ಅನ್ನುವ ಹಾಡಿನ ತಟ್ಟೆ ಹೊರತಂದಿತು, ಒಂಬತ್ತು ನಿಮಿಷ ಮೀರಿದ ಹಾಡು. 1983ರ 'ದಿ ಹಂಗರ್' ಚಿತ್ರ ಶುರುವಾಗೋದೇ ಅದರಿಂದ. ಲಂಡನ್ನಿನಲ್ಲಿ 1982ರಲ್ಲೇ 'ಬ್ಯಾಟ್‌ಕೇವ್' ಕ್ಲಬ್ಬು ತೆರೆದಿತ್ತು. ಕಪ್ಪು ಬಟ್ಟೆಯ ಹುಡುಗ ಹುಡುಗಿಯರು ಬರಬರುತ್ತಾ 'ಹೌದು, ನಾವು ಗಾತ್' ಅಂದರು. ಬೈಗುಳವಾಗಿದ್ದ ಮಾತು ತಲೆ ಮೇಲಿನ ಹೂವಾಯ್ತು!

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ 2007ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಲ್ಯಾಂಕಶೈರಿನ ಬೇಕಪ್ ಎಂಬ ಊರಲ್ಲಿ ನಡೆದದ್ದನ್ನು ಹೇಳದೆ ಹೇಗೆ ಬಿಡಲಿ? ಸೋಫಿ ಲ್ಯಾಂಕಾಸ್ಟರ್, ಇಪ್ಪತ್ತು ವರ್ಷ. ಗೆಳೆಯನ ಜೊತೆ ರಾತ್ರಿ ಪಾರ್ಕಿನ ದಾರಿಯಲ್ಲಿ ಮನೆಗೆ ಹೊರಟಿದ್ದಳು. ಇಬ್ಬರದೂ ಗಾತ್ ವೇಷ. ಪಡ್ಡೆ ಹುಡುಗರ ಗುಂಪೊಂದು ಅವನ ಮೇಲೆ ಬಿತ್ತು. ಬಿದ್ದವನ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಈಕೆ ಕಾಪಾಡಲು ಕೂತಳು. ಆಗ ಈಕೆಯನ್ನೂ ಒದ್ದರು. ಅವನು ಉಳಿದ. ಅವಳು ಎರಡು ವಾರಕ್ಕೆ ತೀರಿಕೊಂಡಳು. ಹಗೆಗೆ ಬೇರೆ ಕಾರಣವಿಲ್ಲ, ವೇಷವೊಂದೇ.

ಇದನ್ನು ಹೇಳಿದಾಗ ಹುಡುಗಿ ಸುಮ್ಮನಾದಳು. ಅವಳಿಗೆ ಗೊತ್ತಿತ್ತು ಅಂತ ಕಾಣುತ್ತೆ. ಅಮ್ಮ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟರು. "ಆ ಮಗು ತಾಯಿ ಏನಾದಳೋ?"

ತಾಯಿ ಸಿಲ್ವಿಯಾ ಮಗಳ ಹೆಸರಲ್ಲಿ ಒಂದು ಸಂಸ್ಥೆ ಕಟ್ಟಿದರು. ಶಾಲೆ ಶಾಲೆಗೆ ಹೋಗಿ ಮಕ್ಕಳೆದುರು ಈ ಕಥೆ ಹೇಳಿದರು. 2013ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಗಾತ್‌ಗಳ ಮೇಲಿನ ಹಲ್ಲೆಯನ್ನೂ ದ್ವೇಷದ ಅಪರಾಧ ಅಂತ ಬರೆದುಕೊಳ್ಳಲು ಶುರುಮಾಡಿದರು. ಆಕೆ ತೀರಿಕೊಂಡದ್ದು 2022ರಲ್ಲಿ.

ಅಮ್ಮ ಏನೂ ಅನ್ನಲಿಲ್ಲ. ಸಂಜೆ ಹುಡುಗಿ ಅದೇ ವೇಷದಲ್ಲಿ ಪೇಟೆಗೆ ಹೊರಟಾಗ, "ಏಯ್, ಮಾವನ್ನ ಜೊತೇಲಿ ಕರ್ಕೊಂಡು ಹೋಗೇ" ಅಂದರು. ಹೋದೆ.