ಕಡಲೆ ಹೊಲಕ್ಕೆ ಕಾಜಾಣ ಬೇಕು

ಹಿಂಗಾರಿ ಕಡಲೆ ಹೂ ಕಟ್ಟುವ ಹೊತ್ತಿಗೆ ನಮ್ಮ ರೋಣ ತಾಲ್ಲೂಕಿನ ಊರುಗಳಲ್ಲಿ ಔಷಧದ ಅಂಗಡಿ ಮುಂದೆ ರೈತರು ಸಾಲುಗಟ್ಟುತ್ತಾರೆ. ಡಬ್ಬಿ ಕೊಳ್ಳುವ ಮುನ್ನ ಹೊಲದಲ್ಲಿ ಹಕ್ಕಿಗೆ ಕೂರಲು ಜಾಗ ಇದೆಯೇ ನೋಡಿ ಎಂಬುದು ನನ್ನ ಮಾತು. ನಾನೂ ಎರೆ ಹೊಲ ನಂಬಿ ಬದುಕಿದವನೇ.

ಕಾಯಿಕೊರಕ ಕೀಡೆ ತಲೆಯನ್ನು ಕಾಯಿಯೊಳಗೆ ತೂರಿಸಿ, ಅರ್ಧ ಮೈ ಹೊರಗೆ ಬಿಟ್ಟು ಕಾಳು ಮೇಯುತ್ತದೆ. ಮಣ್ಣಿಗಿಳಿದು ಕೋಶ ಕಟ್ಟುವಷ್ಟರಲ್ಲಿ ಒಂದೊಂದು ಕೀಡೆ ಮೂವತ್ತು, ನಲವತ್ತು ಕಾಯಿ ಹಾಳು ಮಾಡಬಲ್ಲದು. ಆ ಹೊರಗುಳಿದ ಅರ್ಧ ಮೈಯೇ ಕಾಜಾಣದ ಕಣ್ಣಿಗೆ ಬೀಳುವುದು. ಆದರೆ ಕಾಜಾಣ ಎತ್ತರದಿಂದ ನೋಡಿ ಬೇಟೆಯಾಡುವ ಹಕ್ಕಿ. ಮೊಣಕಾಲೆತ್ತರದ ಕಡಲೆ ಗಿಡದ ಮೇಲೆ ಅದಕ್ಕೆ ನೆಲೆ ಇಲ್ಲ. ಹೊಲದ ನಡುವೆ ಅಲ್ಲಲ್ಲಿ ಕವಲು ಗೂಟ ನೆಟ್ಟರೆ ಸಾಕು, ಬೆಳಗಾಗುತ್ತಲೇ ಬಂದು ಕೂರುತ್ತದೆ. ಕೆಳಗೆ ಧುಮುಕಿ ಕೀಡೆ ಕಚ್ಚಿ ಮತ್ತೆ ಅದೇ ಗೂಟಕ್ಕೆ ಬರುತ್ತದೆ, ಕಾಲಲ್ಲಿ ಒತ್ತಿ ಹಿಡಿದು ತಿನ್ನುತ್ತದೆ. ಗೂಟದ ಬುಡದಲ್ಲಿ ಬಿಳಿ ಹಿಕ್ಕೆ ಬಿದ್ದಿದ್ದರೆ ಹಕ್ಕಿ ಕೆಲಸಕ್ಕೆ ಇಳಿದಿದೆ ಎಂದೇ ಲೆಕ್ಕ. ಗೊರವಂಕ, ಬೆಳ್ಳಕ್ಕಿ, ನೀಲಕಂಠ ಕೂಡ ಇದೇ ಕೆಲಸ ಮಾಡುತ್ತವೆ. ನಮ್ಮ ರಾಜ್ಯಪಕ್ಷಿ ನೀಲಕಂಠಕ್ಕೆ ಮಿಡತೆ ಕಂಡರಂತೂ ಪ್ರಾಣ.

ಇದೇ ಕೀಡೆ ಒಂದಾದ ಮೇಲೊಂದು ಔಷಧಕ್ಕೆ ಬಗ್ಗದೆ ತೊಗರಿ, ಹತ್ತಿ ಬೆಳೆದವರನ್ನು ಕಂಗೆಡಿಸಿದ್ದನ್ನು ನಮ್ಮ ಪೀಳಿಗೆ ಕಣ್ಣಾರೆ ಕಂಡಿದೆ. ಔಷಧಕ್ಕೆ ಒಗ್ಗಿಹೋಗುವ ಹುಳುವಿದೆ, ಹಕ್ಕಿಯ ಕೊಕ್ಕಿಗೆ ಒಗ್ಗುವ ಹುಳು ಎಲ್ಲಿದೆ?

ಹಕ್ಕಿ ಹಾನಿ ಮಾಡುವುದೇ ಇಲ್ಲ ಎನ್ನುವವರು ಜೋಳ ಹಾಲುಗಾಳಾದಾಗ ಹೊಲಕ್ಕೆ ಬಂದು ನಿಲ್ಲಲಿ. ಗುಬ್ಬಿ, ಗಿಳಿ ಹಿಂಡು ಹಿಂಡಾಗಿ ಇಳಿದರೆ ತೆನೆ ಬೋಳಾಗುತ್ತದೆ. ಸೂರ್ಯಕಾಂತಿಯಲ್ಲಿ ಗಿಳಿ ತಿನ್ನುವುದಕ್ಕಿಂತ ಉದುರಿಸುವುದು ಹೆಚ್ಚು. ನವಿಲು ಬಿತ್ತಿದ ಶೇಂಗಾ ಬೀಜವನ್ನೇ ಸಾಲು ಹಿಡಿದು ಕೆದಕುತ್ತದೆ. ಇದೇ ಜಿಲ್ಲೆಯ ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಬಂತು, ಹೆಮ್ಮೆಪಟ್ಟೆವು. ಚಳಿಗಾಲಕ್ಕೆ ಹಿಮಾಲಯ ದಾಟಿ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಮೇಯುವುದು ಮಾತ್ರ ಸುತ್ತಲಿನ ರೈತರ ಹೊಲದಲ್ಲಿ. ನೋಡಲು ಬಂದವರ ಸಂತೋಷಕ್ಕೆ ಆ ರೈತನೊಬ್ಬನೇ ಬೆಲೆ ತೆರಬೇಕೆನ್ನುವುದು ನ್ಯಾಯವಲ್ಲ. ಇಂಥ ಹಾನಿಗೂ ಪರಿಹಾರ ಸಿಗಲೇಬೇಕು.

ಆದರೆ ಹಕ್ಕಿಯ ಕಾಟ ಹೆಚ್ಚಿತು ಎನ್ನುವಾಗ ಇನ್ನೊಂದು ಮಾತು ಮರೆಯುತ್ತೇವೆ. ಊರ ತುಂಬ ಜೋಳ ಇದ್ದಾಗ ಹಕ್ಕಿ ಹತ್ತಾರು ಹೊಲಕ್ಕೆ ಹಂಚಿಹೋಗುತ್ತಿತ್ತು. ಈಗ ಜೋಳ ಬಿತ್ತುವವರೇ ಕಡಿಮೆ, ಉಳಿದ ಒಂದೆರಡು ಹೊಲಕ್ಕೇ ಎಲ್ಲ ಹಿಂಡೂ ಮುತ್ತುತ್ತದೆ. ಅಟ್ಟಣೆ ಹತ್ತಿ ಕವಣೆ ಬೀಸುವವರೂ ಇಲ್ಲ. ಅಕ್ಕಪಕ್ಕದ ಹೊಲದವರು ಮಾತಾಡಿಕೊಂಡು ಒಂದೇ ವಾರದಲ್ಲಿ ಬಿತ್ತಿದರೆ ತೆನೆಯೂ ಒಟ್ಟಿಗೆ ಬರುತ್ತದೆ, ನಷ್ಟವೂ ಹಂಚಿಹೋಗುತ್ತದೆ.

ಇನ್ನು ಇಲಿ, ಹೆಗ್ಗಣ. ತಿಂದದ್ದು ಸಾಲದೆ ತೆನೆ ಕತ್ತರಿಸಿ ಬಿಲಕ್ಕೆ ಹೊತ್ತು ಹಾಕುವ ಪ್ರಾಣಿ. ಇದರ ಪರ ವಾದಿಸಲು ನನ್ನಲ್ಲಿ ಏನೂ ಇಲ್ಲ. ನಾನು ವಾದಿಸುವುದು ಕಣಜ ಗೂಬೆ ಮತ್ತು ಮುಂಗುಸಿಯ ಪರ. ಬ್ರೊಮಾಡಿಯೊಲೋನ್ ಎಂಬ ಇಲಿ ಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಬಯಲಲ್ಲಿ ತಿರುಗುತ್ತದೆ. ಗೂಬೆಗೆ ಸುಲಭದ ತುತ್ತು ಅದೇ, ವಿಷ ಇಲಿಯ ಹೊಟ್ಟೆಯಿಂದ ಗೂಬೆಗೆ ದಾಟುತ್ತದೆ. ಇಲಿ ವರ್ಷಕ್ಕೆ ಹಲವು ಸಲ ಮರಿ ಹಾಕಿ ಮತ್ತೆ ತುಂಬಿಕೊಳ್ಳುತ್ತದೆ, ಗೂಬೆ ಅಷ್ಟು ಬೇಗ ತುಂಬಿಕೊಳ್ಳದು. ಅಪಶಕುನವೆಂದು ಗುಡಿ ಗೋಪುರದಿಂದ, ಹಾಳು ಬಾವಿಯಿಂದ ಅದನ್ನು ಓಡಿಸುವುದನ್ನೂ ನಿಲ್ಲಿಸಬೇಕು. ಇಸ್ರೇಲಿನ ರೈತರು ಹೊಲದಲ್ಲಿ ಪೆಟ್ಟಿಗೆ ಕಟ್ಟಿ ಇದೇ ಗೂಬೆಯನ್ನು ಕರೆದು ಕೂರಿಸಿಕೊಂಡಿದ್ದಾರೆ.

ಟ್ರ್ಯಾಕ್ಟರ್ ತಿರುಗಲು ಅಡ್ಡಿ ಎಂದು ಒಡ್ಡಿನ ಬನ್ನಿ, ಜಾಲಿ ಕಡಿದವರು ಒಂದೆರಡು ಗಿಡವನ್ನಾದರೂ ಮತ್ತೆ ಬೆಳೆಯಲು ಬಿಡಿ. ಗೂಟಕ್ಕೂ ಗೂಬೆ ಪೆಟ್ಟಿಗೆಗೂ ಔಷಧಕ್ಕೆ ಕೊಡುವಂತೆಯೇ ಕೃಷಿ ಇಲಾಖೆ ಸಹಾಯಧನ ಕೊಡಲಿ. ಅದು ಬರುವವರೆಗೆ ಕಾಯಬೇಕಿಲ್ಲ: ಈ ಹಿಂಗಾರಿಗೆ ಕಡಲೆಯ ನಡುವೆ ಜೋಳದ ಅಕ್ಕಡಿ ಸಾಲು ಹಾಕಿ, ಕಾಜಾಣ ಆ ದಂಟಿನ ಮೇಲೂ ಕೂರುತ್ತದೆ.